ಪಟ್ಟಿಯಲ್ಲಿ ಮುಂದಿನ ಹೆಸರು

...ಒಂದು ಹಲ್ಲು ಕಣೇ, ಒಂದೇ ಒಂದು ಹುಳುಕು ಹಲ್ಲು! ಅದಕ್ಕೆ ಹಡಗು ಹತ್ತಿ ರಾಜಧಾನಿ ಸುವಾವರೆಗೂ ಹೋದ ನಿನ್ನನ್ನ ವಾಪಸ್ ಕಳಿಸೋದಾ? ಎದೆ ಕೊಯ್ತೀವಿ ಅಂತ ಕರೆಸಿ ಬಾಯಿ ನೋಡಿದ್ರಂತೆ! ಯಾಕೆ ನಗ್ತೀಯ ತರೈವಿನಿ? ನಗ್ಬೇಡ, ಉಬ್ಬಸ ಬರುತ್ತೆ. ದಿಂಬಿಗೆ ಒರಗು... ಹಾಂ, ಹಾಗೆ. ಈ ಮಕೆರೆತಾ ಅಕ್ಕ ಹೇಳೋದು ಕೇಳು.

ಮೋಸ ಕಣೇ, ಬರೀ ಮೋಸ! ಆಸ್ಟ್ರೇಲಿಯಾ ಡಾಕ್ಟರುಗಳು ವರ್ಷಕ್ಕೊಂದ್ಸಲ ಬರ್ತಾರೆ, ಇಪ್ಪತ್ತು ಜನರ ಎದೆಗೆ ಹೊಸ ಕವಾಟ ಹಾಕ್ತಾರೆ, ಹೊರಟೇ ಬಿಡ್ತಾರೆ. ಅವರೂರಲ್ಲಾದ್ರೆ ಹಿಂಗೆ ಕಾಯಿಸ್ತಿದ್ರಾ? ಹಲ್ಲಿನ ಕೀವು ರಕ್ತಕ್ಕಿಳಿದು ಹೊಸ ಕವಾಟಾನೂ ಕೆಡಿಸುತ್ತಂತೆ. ಸರಿ, ಅದನ್ನ ಮೊದಲೇ ಹೇಳೋಕೇನು ಧಾಡಿ ಬಂದಿತ್ತು?

ಏನು, ಯಾಕೆ ಹೇಳ್ಲಿಲ್ಲ ಅಂತ ನಮ್ಮೂರ ನರ್ಸಮ್ಮನನ್ನ ಕೇಳ್ತೀಯಾ? ಬೇಡ ಬಿಡು... ಪಾಪ, ಅವಳೂ ಮರೆತಿರ್ತಾಳೆ. ಮರಗೆಣಸು ತಿನ್ನು, ತೆಂಗಿನ ಹಾಲಲ್ಲಿ ಬೇಯಿಸಿದೀನಿ. ಬೇಡ್ವಾ?

ನಿನ್ನ ಜಾಗಕ್ಕೆ ನಮ್ಮ ಲಿಟಿಯಾನ ತಗೊಂಡ್ರು, ನಿಜ. ಪಟ್ಟೀಲಿ ಮುಂದಿನ ಹೆಸರು ನನ್ನ ಮಗಳದಾದ್ರೆ ನಾನೇನ್ ಮಾಡ್ಲಿ? ನಾನಾ ಬೇಡಿದ್ದು? ಅವಳ ಬಾಯಿ ಚೊಕ್ಕವಾಗಿತ್ತು, ಅಷ್ಟೇ. ಹಲ್ಲಿನ ಡಾಕ್ಟರು ಬಂದ ಗುರುವಾರಾನೇ ಎರಡು ಕೀಳಿಸಿಬಿಟ್ಟಿದ್ದೆ...

...ಯಾಕೆ ಹಂಗೆ ನೋಡ್ತೀಯ?

ಪಕ್ಕದ ದ್ವೀಪಕ್ಕೆ ಬಂದಿದ್ರು ಕಣೇ. ನಿಂಗೆ ಗೊತ್ತಿತ್ತಲ್ಲ? ಗೊತ್ತಿರ್ಲಿಲ್ವಾ? ನರ್ಸಮ್ಮ ಹೇಳಿದ್ಲು, ತರೈವಿನಿಗೂ ಹೇಳು, ಇಬ್ಬರನ್ನೂ ಕರ್ಕೊಂಡ್ಹೋಗು ಅಂತ... ನಿಮ್ಮ ಬಾಗಿಲವರೆಗೂ ಬಂದೆ. ದೇವರಾಣೆ ಬಂದೆ! ನೀನು ಚಾಪೆ ಹೆಣೀತಾ ಕೂತಿದ್ದೆ, ಹಾಡು ಗುನುಗ್ತಾ... ಹಂಗೇ ತಿರುಗಿ ಹೋದೆ.

ಲಿಟಿಯಾಗಿನ್ನೂ ಹದಿನಾರು ಕಣೇ. ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರ್ತಿದ್ಲು. ಇಪ್ಪತ್ತೇ ಇಪ್ಪತ್ತು ಕವಾಟ ತಂದಿದ್ದು ಅವರು, ನಾನಲ್ಲ! ಹತ್ತೊಂಬತ್ತು ಜನ ನಂಗೆ ಗೊತ್ತಿಲ್ಲದೋರು. ಇಪ್ಪತ್ತನೆಯವಳು ನೀನು, ಇಪ್ಪತ್ತೊಂದನೆಯವಳು ನನ್ನ ಮಗಳು. ನಾನ್ಯಾರ ಹತ್ರ ಕಿತ್ಕೊಳ್ಳಲಿ, ಹೇಳು?

ಬೈಯಿ ನನ್ನ. ಉಸಿರು ಸಾಲಲ್ವಾ? ಬೇಡ, ಬೈಬೇಡ. ಇದೋ, ನೋಡು, ನಮ್ಮಪ್ಪನ ಕಾಲದ ತಿಮಿಂಗಿಲದ ಹಲ್ಲು. ನಮ್ಮ ಪದ್ಧತಿಯ ಹಾಗೆ ತಪ್ಪೊಪ್ಪಿಗೆಗೆ ತಂದಿದೀನಿ. ಹಿರಿಯರನ್ನ ಮುಂದಿಟ್ಕೊಂಡು ಬಂದು ಕೊಡಬೇಕಿತ್ತು, ಗೊತ್ತು... ಊರಿಗೆಲ್ಲ ತಿಳಿಯುತ್ತೆ ಅಂತ ಒಬ್ಬಳೇ ಬಂದೆ. ನೀನು ಸುಮ್ಮನೆ ಮುಟ್ಟಿದ್ರೆ ಸಾಕು, ಕ್ಷಮಿಸಿದ ಹಾಗೆ. ಮುಂದಿನ ವರ್ಷ ನಿನ್ನ ಹೆಸರೇ ಮೊದಲು... ಅಲ್ಲೀತನಕ ನೀನು...

ಮುಟ್ಟೇ. ಒಂದು ಬೆರಳು ಸಾಕು.

ತರೈವಿನಿ... ಕೈ ಯಾಕೆ ಹಿಂದಕ್ಕೆ ತಗೊಂಡೆ?