ಹೊಸ್ತಿಲ ಬೆಳಕಿಗೆ ಹಿಡಿದ ಸೀರೆ

ಒಂದು ಪೇಟೆಯಲ್ಲಿ ಒಂದು ಸೀರೆ ಅಂಗಡಿ, ಅಂಗಡಿಗೊಬ್ಬ ಸಾಹುಕಾರ. ಅವನ ಮಾತು ಆಮೇಲೆ ಬರುತ್ತದೆ. ಮೊದಲು ಅಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುತ್ತಿದ್ದ ಹೆಣ್ಣುಮಗಳನ್ನು ನೋಡಿ.

ಅವಳದೊಂದು ರೂಢಿ. ಗಿರಾಕಿ ಮೆಚ್ಚಿದ ಕೂಡಲೇ ಕಟ್ಟಿಕೊಡುವವಳಲ್ಲ. ಹೊಸ್ತಿಲ ತನಕ ಕರೆದೊಯ್ದು, ಸೆರಗನ್ನು ಅವರ ಹೆಗಲಿಗೆ ಹಾಕಿ, ಹೊರಗಿನ ಬೆಳಕಿಗೆ ತಿರುಗಿಸಿ ನೋಡುವಳು. ಅಂಗಡಿಯ ದೀಪಕ್ಕೆ ಎಲ್ಲ ಸೀರೆಯೂ ಚೆಂದವೇ, ಹೌದಲ್ಲವೇ? ಒಪ್ಪದಿದ್ದರೆ ನೇರ ಹೇಳುವಳು: "ಬ್ಯಾಡ್ರೀ ಅಕ್ಕಾರ, ಇದು ನಿಮ್ಮ ಮಾರಿ ಕಳಾ ತಿಂದ್ಬಿಡ್ತೈತಿ. ತಡೀರಿ, ಬ್ಯಾರೇದು ತೋರಸ್ತೀನಿ." ಒಪ್ಪುವುದು ಸಿಕ್ಕಾಗ ತಾನೇ ಹೊಸ ಸೀರೆ ಉಟ್ಟಷ್ಟು ಹಿಗ್ಗು. ಆ ಹಿಗ್ಗಿನಲ್ಲಿ ಕಾಲುನೋವು ಮರೆತುಹೋಗುತ್ತಿತ್ತು.

ಒಂದು ದಿನ ಅವಳ ಮಾತಿಗೆ ಮುನಿದ ಗಿರಾಕಿಯೊಬ್ಬಳು ಏನೂ ಕೊಳ್ಳದೆ ಮೆಟ್ಟಿಲಿಳಿದು ಹೋದಳು. ಸಾಹುಕಾರ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, ಎಲ್ಲರ ಮುಂದೆ, ಕೂಗಿದ: "ಏನವಾ, ನಿನ್ನ ಇಟ್ಕೊಂಡಿದ್ದು ಸೀರಿ ಮಾರಾಕೋ, ಗಿರಾಕಿ ಓಡ್ಸಾಕೋ? ಇನ್ಮ್ಯಾಲೆ ಹೊಸ್ತಿಲಿಗೆ ಹೋಗಬ್ಯಾಡ. ಏನು ತೊಗೊಂಡ್ರೂ 'ಛಲೋ ಒಪ್ಪತೈತಿ' ಅನ್ನು. ನಕ್ಕೋತ ಅನ್ನು!"

ಅಂದಳು. ನಗುತ್ತಲೇ ಅಂದಳು. ಕೆಂಪಿಗೂ ಅಂದಳು, ಹಸಿರಿಗೂ ಅಂದಳು. ಅವಳನ್ನೇ ಕೇಳಿಕೊಂಡು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಒಂದು ಸಂಜೆ ಮನೆಯಲ್ಲಿ ಅವಳ ಮಗಳು ಶಾಲೆಯ ಕುಣಿತಕ್ಕೆಂದು ಲಂಗ ತೊಟ್ಟು ಬಂದು ನಿಂತಳು. "ಯವ್ವಾ, ಹೆಂಗ್ ಕಾಣ್ತೀನಿ?"

ಒಲೆಯ ಮುಂದಿನಿಂದ ತಲೆ ಎತ್ತದೆ ಅವಳು ಅಂದಳು: "ಛಲೋ ಒಪ್ಪತೈತಿ."

"ನೀ ನೋಡೇ ಇಲ್ಲಲ್ಲಬೇ!"

ತಿರುಗಿದಳು. ಮಗಳು ಆಗಲೇ ಲಂಗ ಬಿಚ್ಚಿಡಲು ಒಳಗೆ ಹೋಗಿದ್ದಳು.

ಮುಂದೆ ಸಾಹುಕಾರನ ಮಗಳಿಗೆ ಮದುವೆ ಗೊತ್ತಾಯಿತು. ಧಾರೆ ಸೀರೆ ಆರಿಸಲು ಯಾರನ್ನು ಕರೆದ ಹೇಳಿ? ಇವಳನ್ನೇ.

ಮೊದಲು ತೆಗೆದ ಸೀರೆಗೇ "ಛಲೋ ಒಪ್ಪತೈತ್ರಿ," ಅಂದಳು, ನಗುತ್ತ.

"ಅಂಗಡಿ ಮಾತು ಬ್ಯಾಡವಾ. ಖರೇ ಹೇಳು. ಹೊಸ್ತಿಲಿಗೆ ಕರಕೊಂಡು ಹೋಗಿ ನೋಡು," ಅಂದ ಸಾಹುಕಾರ.

ಹೋದಳು. ಹುಡುಗಿಯ ಹೆಗಲಿಗೆ ಸೆರಗು ಹಾಕಿದಳು, ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಇನ್ನೊಂದು ಸೀರೆ ಹಾಕಿ ನೋಡಿದಳು, ಮತ್ತೊಂದು ಹಾಕಿ ನೋಡಿದಳು. ಅವಳ ಕಣ್ಣು ತುಂಬಿತು.

"ತಿಳೀವಲ್ದ್ರೀ ಸಾವ್ಕಾರ್ರ. ಎಲ್ಲಾ ಒಂದೇ ಥರ ಕಾಣಾಕ್ಹತ್ಯಾವು."

ಅದು ಸೇಡಲ್ಲ, ಬಂಧುಗಳೇ. ಸೇಡಾಗಿದ್ದರೆ ಎಷ್ಟೋ ವಾಸಿಯಿತ್ತು.

ಕಾಯಕ, ಕಾಯಕ ಅನ್ನುತ್ತೇವೆ. ಕಾಯಕದೊಳಗಿನ ಹಿಗ್ಗನ್ನು ಕಿತ್ತುಕೊಂಡು ಬರಿಯ ಕೈಯನ್ನು ದುಡಿಸಿದವರು ಯಾರು? ಸಾಹುಕಾರನೊಬ್ಬನೇ? ಮುನಿದು ಮೆಟ್ಟಿಲಿಳಿದ ಆ ಗಿರಾಕಿ ನೀವಲ್ಲವೇ? ನಾನಲ್ಲವೇ? ನಾಳೆ ಅಂಗಡಿಗೆ ಹೋಗುತ್ತೀರಿ, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗುತ್ತೀರಿ. ಎದುರಿಗೆ ನಿಂತವರು ನಿಮಗೆ ಹಿಡಿಸದ ನಿಜ ಹೇಳಿದರೆ ಯಜಮಾನನನ್ನು ಕರೆಯಬೇಡಿ, ನಿಂತು ಕೇಳಿ. ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುತ್ತಿದ್ದರೆ ಅವರನ್ನು ಎಲ್ಲರ ಮುಂದೆ ಬೈಯಬೇಡಿ. ಬಲ್ಲ ಕೆಲಸವನ್ನು ಅವರ ರೀತಿಯಲ್ಲಿ ಮಾಡಲು ಬಿಡಿ.

ಇನ್ನು, ದಿನವೆಲ್ಲ ನಿಂತು ದುಡಿದು ಮನೆ ಸೇರುವ ತಾಯಂದಿರೇ, ತಂದೆಯರೇ, ಕಾಲು ಸೋತಿರುತ್ತದೆ, ಗೊತ್ತು. ಆದರೂ ಮಗು ಬಂದು "ಹೆಂಗ್ ಕಾಣ್ತೀನಿ?" ಅಂದರೆ, ಒಲೆ ಸಣ್ಣ ಮಾಡಿ. ತಿರುಗಿ. ನೋಡಿ. ನೋಡಿ, ಆಮೇಲೆ ಹೇಳಿ.