‘ಟು’ ತಪ್ಪೆಂದ ವರ

ರೋಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿದ್ದವನು ಮುಶಿಗೇರಿಯ ವರನ ಮನೆಗೆ ಒಪ್ಪಿಗೆ ಹೇಳಲು ಹೊರಟಿದ್ದ. ಅವನ ಮಗಳು ಹಿಂದೆಯೇ ಓಡಿ ಬಂದಳು.

“ಅಪ್ಪಾ, ನಿನ್ನೆ ನನ್ನ ನೋಡಾಕ ಬಂದ ವರ ಇಂಗ್ಲಿಷ್ ಬರಿ ಅಂದಾಗ ‘ಐ ರೆಫ್ಯೂಜ್ ಟು ಮ್ಯಾರಿ’ ಅಂತ ಬರದೆ. ಮದುವಿ ಆಗಾಕ ಒಲ್ಲೆ ಅಂತ.”

“ಅಯ್ಯ ನಿನ್ನ! ಅದನ್ನ ಓದಿನೂ ಒಪ್ಪಿದನೇನ?”

“‘ಟು’ ತಪ್ಪಂತ ಗೀಟ ಹೊಡದ. ‘ಒಲ್ಲೆ’ ಅನ್ನೋದ ಅವಗ ಕಾಣಲೇ ಇಲ್ಲ.”

“ತಪ್ಪ ಇತ್ತೇನ?”

“ರೆಫ್ಯೂಜ್ ಮುಂದ ‘ಟು’ ಬೇಕ ಬೇಕ್ರಿ. ‘ಆಗಾಕ’ದಾಗಿನ ‘ಆಕ’ ತಗದ್ರ ಏನ ಉಳಿತೈತಿ?”

“ಒಂದ ‘ಆಕ’ದ ಸಲುವಾಗಿ ಮ್ಯಾಟ್ರಿಕ್ ಪಾಸಾದವನ್ನ ಬಿಡಲೇನ?”

“ಅದಕ್ಕಲ್ರಿ. ‘ಒಲ್ಲೆ’ ಅಂದದ್ದ ಕೇಳದವನ್ನ ಬಿಡ್ರಿ.”

ಬಸ್ಸು ಬಂತು. ತಂದೆ ಎದ್ದ.

“ಹೊಂಟ್ರೇನ?” ಮಗಳು ಕೇಳಿದಳು.

“ಹೊಂಟೆ, ಒಲ್ಲೆ ಅನ್ನಾಕ. ಆ ಇಂಗ್ಲಿಷ್ ಇನ್ನೊಮ್ಮೆ ಹೇಳು.”

ಅವಳು ಹೇಳಿದಳು. ಆತ ‘ಟು’ವನ್ನು ಮಾತ್ರ ಗಟ್ಟಿಯಾಗಿ ಅನ್ನುತ್ತ ಬಸ್ ಹತ್ತಿದ.