ಒಂಟಿಕಾಲಿನ ನವಿಲಿಗೂ ಸುಂಕ

ಮೊಳಕಾಲ್ಮೂರಿನ ಅಂಚೆ ಕಚೇರಿಯಲ್ಲಿ ಸ್ಟಾಂಪಿಗೆಂದು ನಿಂತಿದ್ದ ಗಂಗಲಕ್ಷ್ಮಿಗೆ ಮುಂದಿದ್ದ ನೇಕಾರ ಚಿತ್ತಯ್ಯನ ಬೆನ್ನು ಮಾತ್ರ ಕಾಣುತ್ತಿತ್ತು, ಮಾತೆಲ್ಲ ಕೇಳುತ್ತಿತ್ತು.

“ಲಂಡನ್ ಪಾರ್ಸೆಲ್. ಸುಂಕ ಎರಡು ಸಾವಿರ. ಕಟ್ಟದಿದ್ರೆ ವಾಪಸ್ ಹೋಗ್ತೈತೆ,” ಎಂದ ಗುಮಾಸ್ತ.

“ಫಾರಿನ್ ಮಾಲಲ್ಲ ಸಾ. ನಮ್ಮವ್ವ ಇದೇ ಊರಾಗೆ ನೇಯ್ದ ಸೀರೆ.”

“ಮತ್ತೆ ಲಂಡನ್ನಿಂದ ಯಾಕ್ರಿ ತರಿಸಿದ್ರಿ?”

“ಹಳೇ ಸೀರೆ ಮಾರೋರು ಇಂಟರ್‌ನೆಟ್ಟಿಗೆ ಹಾಕಿದ್ರು. ಮಗಳು ಸೈಬರ್ ಸೆಂಟರಲ್ಲಿ ತೋರಿಸಿದ್ಲು. ಸೆರಗಿನ ಕೊನೇ ನವಿಲಿಗೆ ಒಂದೇ ಕಾಲೈತೆ.”

“ಇನ್ನೊಂದು?”

“ಅದನ್ನ ನೇಯೋವಾಗ ಅವ್ವಂಗೆ ಹೆರಿಗೆ ನೋವು ಬಂತಂತೆ. ಹುಟ್ಟಿದ್ದು ನಾನು.”

“ಕಾಲು ಎಷ್ಟಿದ್ರೂ ಸುಂಕ ಅಷ್ಟೇ ಚಿತ್ತಯ್ಯನೋರೆ.”

“ಅವ್ವಂದು ಮನೇಲಿ ಒಂದು ಫೋಟೋನೂ ಇಲ್ಲ,” ಎನ್ನುತ್ತ ಚಿತ್ತಯ್ಯ ದುಡ್ಡು ಸರಿಸಿದ.

ಗುಮಾಸ್ತ ಮೊಹರು ಒತ್ತಿದ. “ಆ ಕಾಲು ಈಗ ನೀವೇ ಹಾಕ್ತೀರೇನು?”

“ಬ್ಯಾಡ ಸಾ. ಅವ್ವ ಅಲ್ಲಿಗೇ ಬಿಟ್ಟು ಎದ್ದಿದ್ಲು,” ಎಂದ ಚಿತ್ತಯ್ಯ, ಪಾರ್ಸೆಲನ್ನು ಕಂಕುಳಲ್ಲಿಟ್ಟು ಮೆಟ್ಟಿಲಿಳಿದ.